ಏಳು ಲಕ್ಷದ ಅಕ್ಕೋರು

ಶಾಲೆಯಲ್ಲಿ ನಮಗೆ ಗಣಿತ ಕಲಿಸಿದ ಅಕ್ಕೋರ ಬಲಗೈ ಹೆಬ್ಬೆರಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಮಾತಾಡುವಾಗ, ಸೊಪ್ಪು ಸೋಸುವಾಗ, ಸ್ಟ್ಯಾಂಡಿನಲ್ಲಿ ಎಸ್‌ಟಿ ಬಸ್ಸಿಗಾಗಿ ಕಾಯುವಾಗ ಕೂಡ ಅದು ಉಳಿದ ನಾಲ್ಕು ಬೆರಳುಗಳ ಮೇಲೆ ಓಡಾಡುತ್ತಲೇ ಇರುತ್ತಿತ್ತು. ಕಿರುಬೆರಳಿನ ಬುಡದ ಗೆರೆಯಿಂದ ಶುರು. ಮೂರು ಗೆರೆ, ಆಮೇಲೆ ತುದಿ. ಒಂದು ಬೆರಳಿಗೆ ನಾಲ್ಕು, ನಾಲ್ಕು ಬೆರಳಿಗೆ ಹದಿನಾರು. ತೋರುಬೆರಳಿನ ತುದಿ ಮುಟ್ಟಿ ಒಂದು ಗಳಿಗೆ ನಿಂತು ಮತ್ತೆ ಕಿರುಬೆರಳಿಗೆ ಇಳಿಯುತ್ತಿತ್ತು. ಸೀಮೆಸುಣ್ಣಕ್ಕೆ ಆ ಹೆಬ್ಬೆರಳಿನ ಚರ್ಮ ಒಡೆದು ಬಿಳಿಯ ಗೀರುಗಳಾಗಿದ್ದವು, ಎಷ್ಟು ಎಣ್ಣೆ ಹಚ್ಚಿದರೂ ಹೋಗುತ್ತಿರಲಿಲ್ಲ. ನೋಡಿದವರು ಜಪ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ದೇವರಿಗೆ ಅವರದು ಬೆಳಿಗ್ಗೆ ಒಂದು ಊದಿನಕಡ್ಡಿ ಅಷ್ಟೇ. ಬೆರಳ ಮೇಲೆ ಓಡುತ್ತಿದ್ದದ್ದು ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು ಎಂಬ ಒಂದು ಸಂಖ್ಯೆ. ಅದರ ದೆಸೆಯಿಂದಲೇ ಇಚಲಕರಂಜಿಯ ನಮ್ಮ ಶಹಾಪುರದ ಓಣಿ ಅವರನ್ನು ಏಳು ಲಕ್ಷದ ಅಕ್ಕೋರು ಎಂದು ಕರೆಯುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವರು ಈ ಮುದುಕಿಯ ಹತ್ತಿರ ಭಾರೀ ಗಂಟಿದೆಯೆಂದು ತಿಳಿದು ಮೊದಲ ವಾರ ಬಹಳ ಮರ್ಯಾದೆ ಕೊಡುತ್ತಿದ್ದರು.

ನನ್ನಪ್ಪ ಅಥಣಿ ಕಡೆಯಿಂದ ಗಡಿಯಾಚೆ ಮರಾಠಿ ನಾಡಿನ ಇಚಲಕರಂಜಿಗೆ ಮಗ್ಗ ನಡೆಸಲು ಬಂದವನು. ನಮ್ಮಂಥವರ ಮಕ್ಕಳಿಗಾಗಿ ಇದ್ದದ್ದು ಒಂದು ಕನ್ನಡ ಶಾಲೆ. ಅದರ ಎರಡು ಗೋಡೆಗಳ ಆಚೆ ಪಾವರ್‌ಲೂಮ್ ಶೆಡ್ಡು. ಬೆಳಗಿನಿಂದ ಸಂಜೆಯ ತನಕ ಖಟಖಟ ಖಟಖಟ. ಮಾಸ್ತರರು ಏನು ಹೇಳಿದರೂ ಮೊದಲ ಸಾಲಿನವರಿಗೆ ಅರ್ಧ ಕೇಳಬೇಕು, ಹಿಂದಿನವರಿಗೆ ಬಾಯಿ ಅಲ್ಲಾಡಿದ್ದು ಕಾಣಬೇಕು. ಬೇರೆ ಮಾಸ್ತರರು ಗಂಟಲು ಹರಿದುಕೊಂಡರು, ವರ್ಗ ಮಾಡಿಸಿಕೊಂಡು ಹೋದರು. ಅಕ್ಕೋರು ಮಾತ್ರ ಶೆಡ್ಡಿನವರಿಂದಲೇ ವಿದ್ಯೆ ಕಲಿತರು. ಶೆಡ್ಡಿನಲ್ಲಿ ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ಈ ಮಗ್ಗದವನು ಆ ಮಗ್ಗದವನಿಗೆ ಬೆರಳಲ್ಲೇ ಹೇಳುತ್ತಾನೆ. ಆ ಬೆರಳುಭಾಷೆ ನಮಗೆ ಮನೆಯಲ್ಲೇ ಬರುತ್ತಿತ್ತು. ಅಕ್ಕೋರು ಲೆಕ್ಕವನ್ನು ಹಲಗೆಯ ಮೇಲೆ ಬರೆದು ಬೆರಳಲ್ಲಿ ಕೇಳುತ್ತಿದ್ದರು, ನಾವು ಬೆರಳಲ್ಲಿ ಉತ್ತರ ಕೊಡುತ್ತಿದ್ದೆವು. ಮಗ್ಗಿಯನ್ನು ಮಾತ್ರ ಬಾಯಿಬಿಟ್ಟು ಕೂಗಬೇಕು. ನಡುವೆ ಒಮ್ಮೊಮ್ಮೆ ಲೈಟು ಹೋಗುತ್ತಿತ್ತು. ಇಡೀ ಓಣಿಯ ಮಗ್ಗಗಳು ಒಟ್ಟಿಗೆ ನಿಂತು, ನಾವು ಹನ್ನೆರಡರ ಮಗ್ಗಿಯನ್ನು ಕೊಲೆಯಾಗುತ್ತಿರುವವರಂತೆ ಕಿರುಚುತ್ತಿರುವುದು ನಮಗೇ ಕೇಳಿಸುತ್ತಿತ್ತು. ಆಗ ಅಕ್ಕೋರು, “ಸಾಕ್ರೋ ಸಾಕು, ನಾ ಏನ ಕಿವುಡಿ ಅಲ್ಲ,” ಎನ್ನುತ್ತಿದ್ದರು.

ನನಗೆ ಗಣಿತವೆಂದರೆ ಹೊಟ್ಟೆನೋವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಂದ ಲೆಕ್ಕ ಕಲಿತು ಉದ್ಧಾರವಾದ ಶಿಷ್ಯೆ ನಾನಲ್ಲ. ಇವತ್ತು ಬ್ಲೌಸು ಹೊಲಿದು, ಸೀರೆಗಳಿಗೆ ಫಾಲ್-ಪಿಕೋ ಮಾಡಿ ಬದುಕುತ್ತಿದ್ದೇನೆ. ಆದರೂ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಅವರು ಆ ಸಂಖ್ಯೆಯನ್ನು ಕಟ್ಟಿದ ದಿನ ನನಗೂ ಹೊಟ್ಟೆನೋವು ಮರೆತಿತ್ತು.

ಒಬ್ಬ ಹುಡುಗನ ಹೆಗಲ ಮೇಲಿದ್ದ ಟಾವೆಲ್ಲು ಎಳೆದುಕೊಂಡು ಶುರು ಮಾಡಿದ್ದರು. “ಆರ ಎಳಿಗೊಂದು ಕೆಂಪ ಗೆರಿ, ಎಂಟ ಎಳಿಗೊಂದು ಹಸರ ಗೆರಿ ಹಾಕ್ಕೋತ ಹೋದ್ರ, ಎರಡೂ ಗೆರಿ ಒಂದ ಎಳಿ ಮ್ಯಾಲ ಎಲ್ಲಿ ಕೂಡ್ತಾವು?”

ಅರ್ಧ ತರಗತಿ ಬೆರಳೆತ್ತಿತು, ಇಪ್ಪತ್ನಾಲ್ಕು. ಮಗ್ಗದವರ ಮಕ್ಕಳಿಗೆ ಅದು ಕೇಳಬೇಕಾದ ಮಾತೇ ಅಲ್ಲ.

“ಹಂಗಾರ ಒಂದರಿಂದ ಹತ್ತರ ತನಕ ಎಲ್ಲಾ ಗೆರಿ ಕೂಡೂ ಮೊದಲನೇ ಎಳಿ?”

ಅದನ್ನು ಅವರೇ ಬರೆದರು, 2,520. ಪುಸ್ತಕದಲ್ಲಿ ಇದಕ್ಕೆ ಲ.ಸಾ.ಅ. ಎಂಬ ಹೆಸರಿತ್ತು, ಅವರು ಆ ಹೆಸರನ್ನು ಕೊನೆಗೆ ಹೇಳುತ್ತಿದ್ದರು. “ಹನ್ನೊಂದು ಬಂತು. ಇದು ಯಾರ ಮಾತೂ ಕೇಳಂಗಿಲ್ಲ, ಪೂರಾ ಗುಣಸಬೇಕು.” 27,720 ಆಯಿತು. “ಹನ್ನೆರಡು? ಅದರ ಹೊಟ್ಟ್ಯಾಗಿನ ಮೂರು, ನಾಕು ಮೊದಲ ಒಳಗ ಬಂದು ಕುಂತಾವ. ಬಿಟ್ಟಿ ಬಂತು.” ಹದಿಮೂರು ಮತ್ತೆ ಹಟಮಾರಿ. ಅದನ್ನು ಗುಣಿಸಿ 3,60,360. ಹದಿನಾಲ್ಕು ಬಿಟ್ಟಿ, ಹದಿನೈದು ಬಿಟ್ಟಿ. ಹದಿನಾರು ಮಾತ್ರ ನನಗೆ ಇನ್ನೂ ಒಂದು ಎರಡು ಬೇಕು ಎಂದು ಕೂತಿತು. ಎರಡರಿಂದ ಗುಣಿಸಿ ಅದಕ್ಕೂ ಕೊಟ್ಟರು. ಹಲಗೆಯ ಮೇಲೆ 7,20,720 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. “ಒಂದರಿಂದ ಹದಿನಾರರ ತನಕ ಯಾರ ಬಂದು ಕೇಳಿದ್ರೂ ಶೇಷ ಇಲ್ಲದ ಹಂಚಿ ಕೊಡ್ತೈತಿ. ಇದಕ್ಕಿಂತ ಸಣ್ಣದ್ರಾಗ ಆಗೂದಿಲ್ಲ. ಹದಿನಾರಾಣೆ ಸಂಖ್ಯಾ ಇದು.”

ಆಮೇಲೆ ಒಂದೊಂದೇ ಭಾಗಿಸಿ ತೋರಿಸಿದರು. ಮೂರರಿಂದ ಭಾಗಿಸಿದರೆ 2,40,240. ನಾಲ್ಕರಿಂದ 1,80,180. ಐದರಿಂದ 1,44,144. ಪ್ರತಿ ಉತ್ತರವೂ ಜೋಡಿ ಜೋಡಿ, ಮೊದಲರ್ಧ ಹೇಗೋ ಹಿಂದಿನರ್ಧವೂ ಹಾಗೇ. ನಾವು ಬಾಯಿ ತೆರೆದು ನೋಡುತ್ತಿದ್ದೆವು. ಏಳು ಬಂದಾಗ ಜೋಡಿ ಒಡೆಯಿತು, 1,02,960. ಹನ್ನೊಂದಕ್ಕೆ ಒಡೆಯಿತು, ಹದಿಮೂರಕ್ಕೆ ಒಡೆಯಿತು. ಏಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಹದಿನಾಲ್ಕಕ್ಕೂ ಒಡೆಯಿತು. ಯಾಕೆ ರೀ ಎಂದು ಯಾರೋ ಕೇಳಿದರು. ಏಳು, ಹನ್ನೊಂದು, ಹದಿಮೂರು ಈ ಮೂವರೇ ಗುಣಾಕಾರದಲ್ಲಿ ಸೇರಿ ಸಾವಿರದ ಒಂದು ಆಗುತ್ತಾರೆ, ಏಳುನೂರ ಇಪ್ಪತ್ತನ್ನು ಸಾವಿರದ ಒಂದರಿಂದ ಗುಣಿಸಿದ್ದಕ್ಕೇ ಅದು ಎರಡು ಸಲ ಬರೆದಂತೆ ಕಾಣುತ್ತದೆ ಎಂದು ವಿವರಿಸಿ ಹೇಳಿದರು, “ಜೋಡಿ ಕೂಡಿಸಿದವರನ್ನ ಹೊರಗ ತಗದ್ರ ಜೋಡಿ ಹೆಂಗ ಉಳದೀತು?”

ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ಇನ್ನೂರ ನಲವತ್ತಂತೆ. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟು ಬಳಗವಿಲ್ಲವಂತೆ. ಮದುವೆಯಾಗದ ಅಕ್ಕೋರು ಅದನ್ನು ಹೇಳುವಾಗ ತವರಿನ ದೊಡ್ಡಸ್ತಿಕೆ ಹೇಳುವವರ ಹಾಗೆ ಬೀಗುತ್ತಿದ್ದರು. ಹದಿನೇಳರಿಂದ ಭಾಗಿಸಿದರೆ ಏನಾಗುತ್ತದೆ ಎಂದರೆ ಮುಖ ಸ್ವಲ್ಪ ಸಣ್ಣದಾಗುತ್ತಿತ್ತು. “ಐದು ಉಳೀತಾವ. ಇರ್ಲಿ ಬಿಡು, ಊರ ಮಂದಿನ್ನೆಲ್ಲಾ ಸಂಬಾಳಸಾಕ ಯಾರ ಕೈಲಿ ಆಗತೈತಿ?”

ಅವರ ಸಿಟ್ಟು ದೊಡ್ಡದು, ಚಿವುಟುವುದು ತೋಳಿನ ಒಳಮೈಗೆ. ತಪ್ಪು ಮಾಡಿದ್ದಕ್ಕೆ ಚಿವುಟುತ್ತಿರಲಿಲ್ಲ, ಗೊತ್ತಿಲ್ಲದೆ ಗೊತ್ತಿದ್ದ ಹಾಗೆ ಬೆರಳೆತ್ತಿದ್ದಕ್ಕೆ ಚಿವುಟುತ್ತಿದ್ದರು. “ತಪ್ಪ ಮಾಡಿದ್ರ ಅಳಸಬಹುದು. ತಪ್ಪ ಕಲಿಸಿದ್ರ ಅಳಸಾಕ ಬರಂಗಿಲ್ಲ,” ಎಂಬುದು ಅವರ ಬಾಯಲ್ಲಿ ದಿನಕ್ಕೊಮ್ಮೆ ಬರುವ ಮಾತು. ಅದು ಬರೀ ಬಾಯಿಮಾತಲ್ಲವೆಂದು ನಮಗೆ ಗೊತ್ತಾದದ್ದು ಒಂದು ದೀಪಾವಳಿ ರಜೆಯ ಹಿಂದಿನ ದಿನ. ಅವತ್ತು ಗಡಿಬಿಡಿಯಲ್ಲಿ ತೊಂಬತ್ತೊಂದು ಅವಿಭಾಜ್ಯ ಸಂಖ್ಯೆ, ಅದನ್ನು ಯಾವುದೂ ಭಾಗಿಸುವುದಿಲ್ಲ ಎಂದು ಹೇಳಿ ಶಾಲೆ ಬಿಟ್ಟಿದ್ದರು. ಮನೆಗೆ ಹೋಗಿ ಅಕ್ಕಿ ತೊಳೆಯುವಾಗ ಹೊಳೆಯಿತಂತೆ, ಏಳು ಹದಿಮೂರಲೆ ತೊಂಬತ್ತೊಂದು. ಅಕ್ಕಿಯನ್ನು ಅಲ್ಲೇ ಬಿಟ್ಟು ಮನೆಮನೆಗೆ ಹೊರಟರು. ನಮ್ಮ ಮನೆಗೆ ಬಂದಾಗ ಅವ್ವ ಚಕ್ಕಲಿ ಒತ್ತುತ್ತಿದ್ದಳು. ಅಕ್ಕೋರು ಕೂಡಲೂ ಇಲ್ಲ, ಬಾಗಿಲಲ್ಲೇ ನಿಂತು ನನ್ನನ್ನು ಕರೆದು ತಿದ್ದಿ ಹೋದರು. ಒಬ್ಬ ಹುಡುಗ ಆಗಲೇ ಸುಳಕೂಡಕ್ಕೆ, ಅಜ್ಜಿಯ ಊರಿಗೆ ಹೋಗಿಬಿಟ್ಟಿದ್ದ. ಮರುದಿನ ಬಸ್ಸು ಹಿಡಿದು ಅಲ್ಲಿಗೂ ಹೋದರು. ಹುಡುಗ ಕುರಿ ಕಾಯಲು ಹೋಗಿದ್ದರಿಂದ ಹೊಲದ ಬದುವಿನ ತನಕ ನಡೆದು ಹೋಗಿ ಹೇಳಿದರು. ಶಾಲೆಯ ಅಕ್ಕೋರು ಹಬ್ಬದ ದಿನ ಬೆವರು ಒರೆಸಿಕೊಳ್ಳುತ್ತ ಹುಡುಕಿಕೊಂಡು ಬಂದದ್ದನ್ನು ನೋಡಿ, ಇಚಲಕರಂಜಿಯಲ್ಲಿ ಮಗನಿಗೆ ಏನೋ ಆಗಿದೆಯೆಂದು ಆ ಅಜ್ಜಿ ಎದೆ ಬಡಿದುಕೊಂಡು ಅತ್ತಿದ್ದಳಂತೆ.

ಅವರು ನಿವೃತ್ತರಾದ ಮೇಲೆ ನಮ್ಮ ಸಾಲುಮನೆಯ ಚಾಳಿನಲ್ಲೇ, ನನ್ನ ಮನೆಯ ಪಕ್ಕದ ಎರಡು ಖೋಲಿಗಳ ಮನೆಯಲ್ಲಿ ಇದ್ದರು. ಗಡಹಿಂಗ್ಲಜ ಅವರ ಊರು. ಅಲ್ಲಿ ತಮ್ಮನ ಮಗನಿದ್ದ, ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಕೆಲಸ. ಬಾ ಅತ್ತೀ ಎಂದು ಎಷ್ಟು ಕರೆದರೂ ಹೋಗಲಿಲ್ಲ. ಸಂಜೆ ಮುಂದಿನ ಖೋಲಿಯಲ್ಲಿ ಓಣಿಯ ಮಕ್ಕಳಿಗೆ ಲೆಕ್ಕ ಹೇಳುವುದೇ ಅವರಿಗೆ ಊಟ, ನಿದ್ದೆ, ಔಷಧ. ಮಕ್ಕಳು ಬರುವ ಮೊದಲು ತಲೆ ಬಾಚಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಾಯುತ್ತ ಕೂತಿರುತ್ತಿದ್ದರು.

ಮೊದಲು ಮರೆತದ್ದು ಬ್ಲೌಸು. ಹೊಲಿಯಲು ಕೊಟ್ಟದ್ದನ್ನು ಒಯ್ದರು, ಮರುದಿನ ಬಂದು ಹೊಲಿದಾಯಿತೇ ಎಂದರು. ನಾನು, “ವಯಸ್ಸಾತ ರೀ ಅಕ್ಕೋರ, ನಿಮಗ ಅರವು-ಮರವು,” ಎಂದು ನಕ್ಕೆ. ಅವರೂ ನಕ್ಕರು. ಆಮೇಲೆ ಒಂದು ಬೆಳಿಗ್ಗೆ ಛತ್ರಿ ಹಿಡಿದು ಶಾಲೆಗೆ ಹೊರಟುಬಿಟ್ಟಿದ್ದರು. ಮಕ್ಕಳಿಲ್ಲದೆ ಆ ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದರ ಗೇಟಿನ ಮುಂದೆ ನಿಂತಿದ್ದವರನ್ನು ಶೆಡ್ಡಿನ ಹುಡುಗರು ಕರೆದುಕೊಂಡು ಬಂದರು. ಅವತ್ತು ಯಾರೂ ನಗಲಿಲ್ಲ.

ತಮ್ಮನ ಮಗನಿಗೆ ರಜೆ ಸಿಗದೆ ನಾನೇ ಅವರನ್ನು ಕೊಲ್ಹಾಪುರಕ್ಕೆ ಮೆದುಳಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಮರಾಠಿಯವರು, ಸಮಾಧಾನಿ. ಇವತ್ತು ಯಾವ ವಾರ ಎಂದು ಕೇಳಿದರು, ಅಕ್ಕೋರು ನನ್ನ ಮುಖ ನೋಡಿದರು. ಬೆಳಿಗ್ಗೆ ಏನು ತಿಂದಿರಿ ಎಂದರು, ಮತ್ತೆ ನನ್ನ ಮುಖ. ಆಮೇಲೆ, “ಶಂಭರಾತೂನ್ ಸಾತ್ ವಜಾ ಕರಾ, ಬಾಯಿ,” ಎಂದರು. ನೂರರಲ್ಲಿ ಏಳು ಕಳೆಯುತ್ತ ಹೋಗಬೇಕು. ಅಕ್ಕೋರ ಬೆನ್ನು ನೆಟ್ಟಗಾಯಿತು. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮರಾಠಿಯಲ್ಲೇ ಸರಸರ ಇಳಿದು ಎರಡಕ್ಕೆ ಬಂದು ನಿಂತು, ಸೊನ್ನೆಯ ಕೆಳಗೂ ಇಳಿಯಲೇ ಎಂದು ಕೇಳಿದರು. ಡಾಕ್ಟರು ನಕ್ಕು, “ಬಸ್ ಝಾಲಂ, ಬಾಯಿ,” ಎಂದು ಅಲ್ಲಿಗೇ ಸಾಕು ಮಾಡಿಸಿದರು. ಆದರೆ ನನ್ನನ್ನು ಪಕ್ಕಕ್ಕೆ ಕರೆದು ಇದು ಮರೆವಿನ ರೋಗ, ಗುಳಿಗೆಯಿಂದ ನಿಧಾನವಾಗಬಹುದು, ನಿಲ್ಲುವುದಿಲ್ಲ ಎಂದು ಹೇಳಿದರು. ಪಕ್ಕಕ್ಕೆ ಕರೆದದ್ದು ವ್ಯರ್ಥ. ಶೆಡ್ಡಿನ ಸದ್ದಿನಲ್ಲಿ ಜೀವಮಾನವಿಡೀ ಮಕ್ಕಳ ತುಟಿ ಓದಿದವರು ಡಾಕ್ಟರ ತುಟಿ ಓದದೆ ಬಿಡುತ್ತಾರೆಯೇ?

ಮರಳುವ ಬಸ್ಸಿನಲ್ಲಿ ಹಾತಕಣಂಗಲೆಯ ತನಕ ಅವರ ಹೆಬ್ಬೆರಳು ಬೆರಳುಗಳ ಮೇಲೆ ಓಡುತ್ತಲೇ ಇತ್ತು. ಆಮೇಲೆ, “ನಿನಗೊಂದ ಕೆಲಸ ಹೇಳ್ತೇನಿ,” ಎಂದರು.

“ಹೇಳ್ರಿ.”

“ದಿನಾ ಸಂಜಿಕ ಹುಡುಗೂರು ಬರೂಕಿಂತ ಮೊದಲ ನೀ ಬರಬೇಕು. ನನ್ನ ಸಂಖ್ಯಾ ಕೇಳಬೇಕು. ಒಂದರಿಂದ ಹದಿನಾರರ ತನಕ ಭಾಗಾಕಾರ ಹೇಳ್ತೇನಿ. ಒಂದರೆ ತಪ್ಪಿದ್ನೆಂದ್ರ ಅವತ್ತ ಕ್ಲಾಸ್ ಬಂದ್. ತಿಳೀತಿಲ್ಲೊ? ನಾ ಹುಚ್ಚಿ ಆದ್ರ ಆಗ್ಲಿ, ಹುಡುಗೂರಿಗೆ ತಪ್ಪ ಕಲಸಬಾರದು.”

“ನನ್ನ ಯಾಕ ಹಚ್ತೀರಿ ಇದಕ್ಕ? ನನಗ ಲೆಕ್ಕ ಬರಂಗಿಲ್ಲಂತ ನಿಮಗ ಗೊತ್ತೈತಿ.”

“ಲೆಕ್ಕ ಬರಂಗಿಲ್ಲ, ಖರೆ. ಸುಳ್ಳ ಹೇಳಾಕೂ ಬರಂಗಿಲ್ಲ ನಿನಗ. ಗಿರಾಕಿ ಮುಂದ ನಿಂತು, ಈ ಬಣ್ಣ ನಿಮಗ ಒಪ್ಪಂಗಿಲ್ಲಂತ ಹೇಳಾಕಿ ನೀ. ದಯಾ ಮಾಡವರು ಬ್ಯಾಡ ನನಗ.”

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಆಗಲಿ ಎಂದೆ. ಕಿಟಕಿಯ ಕಡೆ ತಿರುಗಿ ಅತ್ತೆ, ಅವರು ನೋಡದ ಹಾಗೆ.

ಹೀಗೆ ನನ್ನ ಕೆಲಸ ಶುರುವಾಯಿತು. ಸಂಜೆ ಮಷೀನು ನಿಲ್ಲಿಸಿ, ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆದುಕೊಂಡು ಅವರ ಮುಂದೆ ಕೂರುತ್ತಿದ್ದೆ. ಅವರು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಕಿರುಬೆರಳ ಬುಡಕ್ಕಿಟ್ಟು ಹೊರಡುತ್ತಿದ್ದರು. “ಎಂಟರಿಂದ ತೊಂಬತ್ತು ಸಾವಿರದ ತೊಂಬತ್ತು, ಶೇಷ ಇಲ್ಲ. ಒಂಬತ್ತರಿಂದ ಎಂಬತ್ತು ಸಾವಿರದ ಎಂಬತ್ತು, ಶೇಷ ಇಲ್ಲ.” ಹದಿನಾರಕ್ಕೆ ಬಂದು, “ನಲವತ್ತೈದು ಸಾವಿರದ ನಲವತ್ತೈದು, ಶೇಷ ಇಲ್ಲ,” ಎಂದು ಕಣ್ಣು ತೆರೆಯುತ್ತಿದ್ದರು. ನಾನು ಸರಿ ರೀ ಎನ್ನಬೇಕು. ಆಗ ಅವರ ಮುಖ ನೋಡಬೇಕು, ಪರೀಕ್ಷೆ ಪಾಸಾದ ಹುಡುಗಿಯ ಮುಖ. ಎದ್ದು ಹಲಗೆ ಒರೆಸಿ ಬಾಗಿಲು ತೆರೆಯುತ್ತಿದ್ದರು.

ಒಂದು ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಸಂಖ್ಯೆ ಅಲ್ಲಾಡಲಿಲ್ಲ. ಉಳಿದದ್ದೆಲ್ಲ ಅಲ್ಲಾಡಿತು. ಹಾಲು ಒಲೆಯ ಮೇಲಿಟ್ಟು ಪಾತ್ರೆ ಸುಟ್ಟು ಕರಿಯಾಗುವ ತನಕ ಪಕ್ಕದಲ್ಲೇ ಕೂತಿರುತ್ತಿದ್ದರು. ತಮ್ಮ ತೀರಿಹೋದದ್ದನ್ನು ಮರೆತು ಅವನಿಗೆ ಫೋನು ಹಚ್ಚಿಕೊಡು ಎನ್ನುತ್ತಿದ್ದರು, ಇಲ್ಲವೆಂದು ಹೇಳಿದಾಗಲೆಲ್ಲ ಹೊಸದಾಗಿ ಅಳುತ್ತಿದ್ದರು. ನನ್ನ ಹೆಸರು ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಸಂಜೆಯಾದರೆ ಮಾತ್ರ ಹದಿಮೂರಕ್ಕೆ ಐವತ್ತೈದು ಸಾವಿರದ ನಾಲ್ಕುನೂರ ನಲವತ್ತು, ಒಂದು ಅಕ್ಷರ ಆಚೀಚೆ ಇಲ್ಲ. ನಾನು ಮೂರ್ಖಳ ಹಾಗೆ ಖುಷಿಪಡುತ್ತಿದ್ದೆ. ತಲೆಯ ಒಳಗಿನ ಒಂದು ಕೋಣೆಯಾದರೂ ಗಟ್ಟಿಯಾಗಿದೆ ಎಂದುಕೊಳ್ಳುತ್ತಿದ್ದೆ.

ಅವರ ಕ್ಲಾಸಿಗೆ ಬರುತ್ತಿದ್ದ ಐದನೆಯ ಇಯತ್ತೆಯ ಹುಡುಗಿಯೊಬ್ಬಳ ತಾಯಿ ಒಂದು ದಿನ ಪಿಕೋಗೆ ಸೀರೆ ತಂದಳು. ಸೀರೆ ಕೊಟ್ಟ ಮೇಲೂ ಹೋಗದೆ ನಿಂತಳು.

“ಒಂದ ಮಾತ ಕೇಳ್ಲೇನ್ರಿ ಅಕ್ಕಾ, ಸಿಟ್ಟ ಮಾಡ್ಕೋಬ್ಯಾಡ್ರಿ. ಅಕ್ಕೋರ ಹುಷಾರ ಅದಾರಿಲ್ಲೊ?”

“ಯಾಕ?”

“ಆರು, ಎಂಟರ ಗೆರಿ ಎಲ್ಲಿ ಕೂಡ್ತಾವಂದ್ರ ಹದಿನಾಲ್ಕಕ್ಕ ಅಂತ ಕಲಿಸ್ಯಾರ. ಇಕಿ ಇಪ್ಪತ್ನಾಕ ಅಂದಿದ್ಳಂತ, ಚಿವಟಿ ತಿದ್ದಿಸ್ಯಾರ. ಸಾಲ್ಯಾಗ ಅದನ್ನ ಬರದು ತಪ್ಪಾತು. ಅವರಪ್ಪ ಮಗ್ಗದ ಮುಂದ ನಿಲ್ಲಿಸಿ ತೋರಿಸಿದ್ರೂ ಕೇಳವಲ್ಳು. ಅಪ್ಪಗ ತಿಳಿಯಂಗಿಲ್ಲ, ಅಕ್ಕೋರ ಹೇಳಿದ್ದ ಖರೆ ಅಂತ ಅಳಾಕತ್ತಾಳ.”

ಸೀರೆಯನ್ನು ಪಕ್ಕಕ್ಕಿಟ್ಟೆ. ಆ ಹುಡುಗಿಯನ್ನು ಕರೆಸಿ ನಾನೇ ಹೇಳಿದೆ, ಇಪ್ಪತ್ನಾಲ್ಕು ಸರಿ, ಹದಿನಾಲ್ಕು ತಪ್ಪು. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಿಮಗ ಲೆಕ್ಕ ಬರಂಗಿಲ್ಲಂತ ಅಕ್ಕೋರ ಹೇಳ್ಯಾರ,” ಎಂದಳು.

ಅವತ್ತು ಸಂಜೆ ಅಕ್ಕೋರು ಎಂದಿನಂತೆ ಒಂದರಿಂದ ಹದಿನಾರರ ತನಕ ಹೇಳಿದರು. ಎಲ್ಲವೂ ಸರಿ. ಅವರ ಕಣ್ಣು ಮುಚ್ಚಿದ ಮುಖ ನೋಡುತ್ತ ಕೂತಾಗ ನನಗೆ ಕೊನೆಗೂ ತಿಳಿಯಿತು. ಅವರು ಭಾಗಿಸುತ್ತಲೇ ಇರಲಿಲ್ಲ. ಅದು ಬಾಯಿಪಾಠ. ನಾನು ಸತ್ತರೂ ಹನ್ನೆರಡರ ಮಗ್ಗಿ ನನ್ನ ಬಾಯಲ್ಲಿ ಇರುತ್ತದೆ, ಅವರೇ ಕೂಗಿಸಿ ಕೂಗಿಸಿ ಕೂರಿಸಿದ್ದು. ಹಾಗೇ ಅವರ ಸಂಖ್ಯೆ ಅವರ ನಾಲಿಗೆಯಲ್ಲಿ, ಬೆರಳಲ್ಲಿ ಕೂತಿತ್ತು, ತಲೆ ಇದ್ದರೂ ಇಲ್ಲದಿದ್ದರೂ. ಬಾಯಿಪಾಠ ಮಾಡಿಸಿಯೇ ಬದುಕಿದವರು ತಮ್ಮ ತಲೆಗೆ ಕಾವಲಿಡಲು ಬಾಯಿಪಾಠವನ್ನೇ ಆರಿಸಿಕೊಂಡಿದ್ದರು. ಎಲ್ಲ ಹೋದ ಮೇಲೂ ಹೋಗದಂಥದ್ದನ್ನು ಹುಡುಕಿ ಇಟ್ಟಿದ್ದರು. ಈ ಪರೀಕ್ಷೆಯಲ್ಲಿ ಅವರು ಯಾವತ್ತೂ ಫೇಲಾಗುವುದಿಲ್ಲ, ಈ ಬಾಗಿಲು ಯಾವತ್ತೂ ಮುಚ್ಚುವುದಿಲ್ಲ, ಮಕ್ಕಳು ಬರುತ್ತಲೇ ಇರುತ್ತವೆ.

ಸುಮ್ಮನಿರಬಹುದಿತ್ತು. ಒಪ್ಪಂದದಂತೆ ನಾನು ಕೇಳಿದ್ದೆ, ಅವರು ಸರಿ ಹೇಳಿದ್ದರು. ತಾಯಂದಿರಿಗೆ ಒಳಗಿಂದೊಳಗೆ ಹೇಳಿ ಮಕ್ಕಳನ್ನು ಬಿಡಿಸಬಹುದಿತ್ತು. ಆದರೆ ತೊಂಬತ್ತೊಂದಕ್ಕಾಗಿ ಸುಳಕೂಡದ ಬದುವಿಗೆ ನಡೆದು ಹೋದವರನ್ನು ಹೀಗೆ ಕತ್ತಲಲ್ಲಿಡಲು ನನಗೆ ಆಗಲಿಲ್ಲ. ನನಗೆ ಬರುವ ಲೆಕ್ಕ ಒಂದೇ, ಒಂದು ಕೂಡಿಸುವುದು. ಮರುದಿನ ಅದನ್ನೇ ಹಿಡಿದು ಹೋದೆ.

“ಇವತ್ತ ಬ್ಯಾರೆ ಕೇಳ್ತೇನ್ರಿ ಅಕ್ಕೋರ.”

“ಕೇಳ ಕೇಳು.”

“ನಿಮ್ಮ ಸಂಖ್ಯಾಕ್ಕ ಒಂದ ಕೂಡಸ್ರಿ.”

“ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತೊಂದು.”

“ಅದನ್ನ ಹದಿಮೂರರಿಂದ ಭಾಗಿಸಿದ್ರ?”

ಹೆಬ್ಬೆರಳು ತೋರುಬೆರಳ ಬುಡಕ್ಕೆ ಹೋಯಿತು. “ಐವತ್ತೈದು ಸಾವಿರದ ನಾಲ್ಕುನೂರ ನಲವತ್ತು. ಶೇಷ ಇಲ್ಲ.”

“ಎರಡರಿಂದ ರೀ?”

“ಮೂರು ಲಕ್ಷ ಅರವತ್ತು ಸಾವಿರದ ಮುನ್ನೂರ ಅರವತ್ತು. ಶೇಷ ಇಲ್ಲ.”

ಎರಡರಿಂದ ಭಾಗಿಸಿದರೂ ಅಷ್ಟೇ, ಮೂರರಿಂದ ಭಾಗಿಸಿದರೂ ಹದಿನಾರರಿಂದ ಭಾಗಿಸಿದರೂ ಅಷ್ಟೇ, ಆ ಸಂಖ್ಯೆಗೆ ಒಂದು ಕೂಡಿಸಿದರೆ ಎಲ್ಲದಕ್ಕೂ ಒಂದು ಉಳಿಯಲೇಬೇಕು. ಇದು ನನ್ನಂಥವಳಿಗೂ ತಿಳಿಯುತ್ತದೆ. ನಾನು ಸರಿ ರೀ ಎನ್ನಲಿಲ್ಲ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

“ಯಾಕ? ತಪ್ಪೇನು?”

“ತಪ್ಪ ರೀ. ಇಪ್ಪತ್ತೊಂದು ಬೆಸ ಅಲ್ಲೇನ್ರಿ? ಒಂದ ಉಳೀಬೇಕಲ್ರಿ.”

ಅವರು ಮತ್ತೆ ಕಿರುಬೆರಳ ಬುಡದಿಂದ ಹೊರಟರು. ತುಟಿ ಅಲ್ಲಾಡುತ್ತಿತ್ತು. ಹದಿನಾರಕ್ಕೆ ಬಂದರು, ಶೇಷ ಇಲ್ಲ ಎಂದರು. ಇನ್ನೊಮ್ಮೆ ಹೊರಟರು. ನಡುವೆ ನಿಂತರು. ಕೈ ತೊಡೆಯ ಮೇಲೆ ಬಿತ್ತು. “ಕೂಡಿಸಿದ್ನಲ್ಲ ನಾ,” ಎಂದು ನನ್ನನ್ನೇ ಕೇಳಿದರು. “ಎಲ್ಲಿ ಹೋತ ಅದು?”

ಹೊರಗೆ ಮಕ್ಕಳ ಚಪ್ಪಲಿಯ ಸದ್ದು ಕೇಳಿಸಿತು. ಅವರು ಎದ್ದು, ಖಾಲಿಯೇ ಇದ್ದ ಹಲಗೆಯನ್ನು ಇನ್ನೊಮ್ಮೆ ಒರೆಸಿ, ಬಟ್ಟೆ ಹಿಂಡಿ ಮೊಳೆಗೆ ಹಾಕಿದರು. “ನೀನ ಹೇಳ ಅವರಿಗೆ,” ಎಂದು ಒಳಗಿನ ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಯಾವಾಗಿನಿಂದ ತಪ್ಪಾಗಿದೆ ಎಂದು ಕೇಳುತ್ತಾರೆಂದು ಹೆದರಿದ್ದೆ. ಕೇಳಲಿಲ್ಲ. ಇವತ್ತಿನಿಂದ ಕ್ಲಾಸಿಲ್ಲ ಎಂದು ನಾನು ಮಕ್ಕಳಿಗೆ ಹೇಳಿದೆ. ಅವು ಖುಷಿಯಿಂದ ಕೇಕೆ ಹಾಕಿಕೊಂಡು ಓಡಿಹೋದವು.

ಮುಂದಿನದು ಬೇಗ ಬೇಗ ಆಯಿತು. ತಲೆ ಬಾಚಿಕೊಳ್ಳುವುದು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ನೋಡುತ್ತ ಕೂರುತ್ತಿದ್ದರು. ಕ್ಲಾಸು ನಿಲ್ಲಿಸಿದ್ದು ಗೊತ್ತಿಲ್ಲದ ಒಂದು ಮಗು ಒಂದು ಸಂಜೆ ಬಾಗಿಲಲ್ಲಿ ನಿಂತು, “ಅಕ್ಕೋರ ಅದಾರೇನ್ರಿ?” ಎಂದು ಅವರನ್ನೇ ಕೇಳಿತು. ಹೊಸ ಮಗು, ಮುಖ ಗೊತ್ತಿರಲಿಲ್ಲ. ಅವರು ಬಹಳ ಮೆತ್ತಗೆ, “ಇಲ್ಲವಾ. ಅಕ್ಕೋರ ಹೋಗ್ಯಾರ,” ಎಂದು ಹೇಳಿ ಕಳಿಸಿದರು. ನಾನು ಮಷೀನಿನ ಮುಂದೆ ಕೂತು ಕೇಳಿದೆ. ನಾಚಿಕೆಗೆ ಹೇಳಿದರೋ, ಹಾಗೆಂದೇ ನಂಬಿ ಹೇಳಿದರೋ, ಎರಡರಲ್ಲಿ ಯಾವುದಾದರೂ ನನಗೆ ತಡೆದುಕೊಳ್ಳಲಾಗುವಂಥದ್ದಲ್ಲ. ಒಂದು ಕೂಡಿಸದೆ ಇದ್ದಿದ್ದರೆ ಇನ್ನೊಂದು ವರ್ಷ ಅವರು ಸಂಜೆ ಬಾಗಿಲು ತೆರೆಯುತ್ತಿದ್ದರು ಎಂದು ನನಗೆ ಆಗಾಗ ಅನ್ನಿಸುತ್ತದೆ. ಇನ್ನೊಂದಿಷ್ಟು ಮಕ್ಕಳು ಹದಿನಾಲ್ಕು ಎಂದು ಬರೆಯುತ್ತಿದ್ದವು. ಈ ಎರಡನ್ನೂ ತೂಗಿ ಯಾವುದು ಹೆಚ್ಚು ಎಂದು ಹೇಳುವ ಲೆಕ್ಕ ನನಗೆ ಯಾರೂ ಕಲಿಸಿಲ್ಲ.

ತಮ್ಮನ ಮಗ ಒಂದು ಭಾನುವಾರ ಟೆಂಪೋ ತಂದು ಅವರನ್ನೂ ಸಾಮಾನನ್ನೂ ಗಡಹಿಂಗ್ಲಜಕ್ಕೆ ಒಯ್ದ. ಒಳ್ಳೆಯ ಹುಡುಗ. ಅವನೂ ಅವನ ಹೆಂಡತಿಯೂ ಚೆನ್ನಾಗಿಯೇ ನೋಡಿಕೊಂಡರು. ಅಲ್ಲಿ ಅವರು ಒಂದು ಚಳಿಗಾಲ ಇದ್ದರು, ಯುಗಾದಿ ಬರುವ ಮೊದಲು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಹೇಳಲು ಏನೂ ಇಲ್ಲ. ನಾಲ್ಕು ಜನ ಹಳೆಯ ವಿದ್ಯಾರ್ಥಿಗಳು ಬಂದಿದ್ದರು, ಉಳಿದವರಿಗೆ ಸುದ್ದಿಯೇ ಮುಟ್ಟಿರಲಿಲ್ಲ.

ಅದಕ್ಕೂ ಮುಂಚೆ, ಸಂಕ್ರಾಂತಿಯ ಮರುದಿನ, ನಾನು ಅವರನ್ನು ಕೊನೆಯ ಸಲ ನೋಡಿದೆ. ಬಿಸಿಲಿಗೆಂದು ಹೊರಗೆ ಕುರ್ಚಿಯಲ್ಲಿ ಕೂರಿಸಿದ್ದರು. ಎಳ್ಳುಬೆಲ್ಲ ಕೊಟ್ಟು ಕಾಲಿಗೆ ಬಿದ್ದೆ. ಗುರುತು ಸಿಗಲಿಲ್ಲ. ಜೀವಮಾನವಿಡೀ ನನ್ನನ್ನು ನೀ ಎಂದವರು ಅವತ್ತು ಪರಕೀಯರಿಗೆ ಅನ್ನುವಂತೆ, “ಯಾರ್ರೀ ನೀವು?” ಎಂದರು.

“ನಿಮ್ಮ ಕೈಯಾಗ ಕಲ್ತಾಕಿ ರೀ.”

“ನಾ ಸಾಲಿ ಕಲಿಸ್ತಿದ್ನೇನ್ರಿ?”

“ಹೌದ್ರಿ. ಗಣಿತ ಕಲಿಸ್ತಿದ್ರಿ.”

ನಾನು ತಡೆಯಲಾರದೆ ಅವರ ಸಂಖ್ಯೆಯನ್ನು ಹೇಳಿದೆ, ಏಳು ಲಕ್ಷ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು ಎಂದು, ನಿಧಾನವಾಗಿ, ಎರಡು ಸಲ. “ಭಾಳ ದೊಡ್ಡದೈತಿ ಬಿಡ್ರಿ,” ಎಂದು ನಕ್ಕರು. ಅದೂ ಹೋಗಿತ್ತು. ನಾನು ಏಳಬೇಕೆಂದು ಹೊರಟಾಗ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ಮುಖದಲ್ಲಿ ಒಂದು ಗಾಬರಿ ಬಂದಿತ್ತು, ಒಲೆಯ ಮೇಲೆ ಏನೋ ಬಿಟ್ಟು ಬಂದವರಿಗೆ ಬರುವಂಥದ್ದು.

“ಯಾರಿಗೂ ತಪ್ಪ ಕಲಿಸಿಲ್ಲಲ್ರೀ ನಾ?”

ಆ ಹುಡುಗಿ ಆಗ ಆರನೆಯ ಇಯತ್ತೆಯಲ್ಲಿದ್ದಳು. ಅವಳ ತಾಯಿ ಹಿಂದಿನ ವಾರವಷ್ಟೇ ಹೇಳಿದ್ದಳು, ಗೆರೆಗಳ ಲೆಕ್ಕ ಬಂದರೆ ಅವಳು ಇನ್ನೂ ಕೂಡಿಸಿ ಬರೆಯುತ್ತಾಳೆ, ಬೈದರೆ ಅಕ್ಕೋರು ಹಾಗೇ ಕಲಿಸಿದ್ದಾರೆ ಎನ್ನುತ್ತಾಳೆ.

“ಇಲ್ರಿ ಅಕ್ಕೋರ,” ಎಂದೆ. “ಒಬ್ಬರಿಗೂ ಇಲ್ಲ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಹಂಗಾರ ಚಲೋ ಆತು ಬಿಡ್ರಿ,” ಎಂದು ನನ್ನ ಕೈ ಬಿಟ್ಟರು.